ಅಂದಾಜಪ್ಪನ ಅಮೋನಿಯಾ ಕಡ್ಡಿ

ಹಿಂದಿನ ಓಣಿಯ ನಲ್ಲಿ ನೀರಿಗೆ ಏಳು ತಿಂಗಳಿಂದ ಚರಂಡಿ ನೀರು ಸೇರುತ್ತಿತ್ತು. ಓಣಿಯವರು ಹನ್ನೊಂದು ಅರ್ಜಿ ಕೊಟ್ಟರು. ನೀರು ಸರಬರಾಜು ಕಚೇರಿ ಹನ್ನೊಂದಕ್ಕೂ ಒಂದೇ ಉತ್ತರ ಕೊಟ್ಟಿತು: "ಪರೀಕ್ಷಿಸಲಾಗಿದೆ. ಅಮೋನಿಯಾ ಇಲ್ಲ."

ಪರೀಕ್ಷಿಸಿದವನು ಅದೇ ಓಣಿಯ ನಾಲ್ಕನೇ ಮನೆಯವನು. ಅವನೂ ಅದೇ ನೀರು ಕುಡಿಯುತ್ತಿದ್ದ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಂದಾಜಪ್ಪ ಎಂದು. ಕಚೇರಿಯ ಪ್ರಯೋಗಾಲಯದಲ್ಲಿ ಹದಿಮೂರು ವರ್ಷದಿಂದ ಸಹಾಯಕ. ಬಾಯಿ ತೆರೆದರೆ ಮೊದಲು ಬೀಳುವ ಮಾತು 'ಅಂದಾಜು'. ಗಂಟೆಯೆಷ್ಟು ಎಂದರೆ ಅಂದಾಜು ಹತ್ತು. ಮಕ್ಕಳೆಷ್ಟು ಎಂದರೆ ಅಂದಾಜು ಎರಡು. ಈ ಎರಡನೆಯ ಉತ್ತರಕ್ಕಾಗಿ ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು. ಎಷ್ಟು ದಿನ ಮಾತು ಬಿಟ್ಟಿದ್ದಳು ಎಂದು ಕೇಳಿದರೆ, ಅಂದಾಜು ಒಂದು ವಾರ.

ಅಮೋನಿಯಾ ಪರೀಕ್ಷೆಯೂ ಅಂದಾಜಿನದೇ. ಕೊಳವೆಯಲ್ಲಿ ನೀರು ಹಾಕಿ, ಶೀಶೆಯಿಂದ ನಾಲ್ಕು ಹನಿ ಔಷಧ ಬಿಟ್ಟರೆ, ಅಮೋನಿಯಾ ಇದ್ದಷ್ಟೂ ನೀರು ಹಳದಿಯಾಗುತ್ತಿತ್ತು. ಆ ಕೊಳವೆಯನ್ನು ಹಿಡಿದು ಅವನು ಎಂಜಿನಿಯರ್ ಸಾಹೇಬರ ಕೊಠಡಿಗೆ ಹೋಗುತ್ತಿದ್ದ. ಸಾಹೇಬರು ಅದನ್ನು ಕಿಟಕಿಯ ಹಳದಿ ಪರದೆಯ ಪಕ್ಕ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದರು.

"ಪರದೆಗಿಂತ ಹಳದಿ ಇದೆಯೇನಯ್ಯಾ?"

"ಅಂದಾಜು... ಅಷ್ಟಿಲ್ಲ ಸಾರ್."

"ಇಲ್ಲ ಅಂತ ಬರಿ."

ಹೀಗೆ ಒಂದು ಊರಿನ ಆರೋಗ್ಯ ಏಳು ತಿಂಗಳು ಒಂದು ಪರದೆಯ ಮರೆಯಲ್ಲಿ ಸುಖವಾಗಿತ್ತು. ಪರದೆ ಒಗೆದಿದ್ದರೆ ಏನಾಗುತ್ತಿತ್ತೋ. ಕಚೇರಿಗಳಲ್ಲಿ ಪರದೆ ಒಗೆಯುವುದಿಲ್ಲ.

ಆಗ ಮೇಲಿನ ಕಚೇರಿಯಿಂದ ಒಂದು ಪೆಟ್ಟಿಗೆ ಬಂತು. ಜೊತೆಗೆ ಆಜ್ಞೆ: ಇನ್ನು ಮುಂದೆ ಬಣ್ಣ ನೋಡುವಂತಿಲ್ಲ, ಅಮೋನಿಯಾವನ್ನು ಈ ಯಂತ್ರದಿಂದಲೇ ಅಳೆಯಬೇಕು, ಪ್ರತಿದಿನ ರಿಜಿಸ್ಟರಿನಲ್ಲಿ ಬರೆಯಬೇಕು, ಎಂಜಿನಿಯರ್ ಸಹಿ ಹಾಕಬೇಕು. ಪೆಟ್ಟಿಗೆಯಲ್ಲಿ ಒಂದು ಮೀಟರು. ಅದಕ್ಕೆ ತಂತಿಯಲ್ಲಿ ಜೋತುಬಿದ್ದ, ಗೇಣುದ್ದದ, ಬೆರಳಿನಷ್ಟು ದಪ್ಪದ ಒಂದು ಕಡ್ಡಿ. ಅದರ ಹೆಸರು ಎಲೆಕ್ಟ್ರೋಡು. ಆ ಹೆಸರು ಕಚೇರಿಯಲ್ಲಿ ಅರ್ಧ ಗಂಟೆ ಬದುಕಿತ್ತು. ಆಮೇಲೆ ಎಲ್ಲರಿಗೂ ಅದು ಕಡ್ಡಿಯೇ.

ಯಂತ್ರ ತಂದವನು ಟೀ ಕುಡಿಯುವಷ್ಟು ಹೊತ್ತಿನಲ್ಲಿ ಎಲ್ಲವನ್ನೂ ಹೇಳಿಕೊಟ್ಟ. "ನೋಡಿ, ಕಡ್ಡಿ ತುದಿಯಲ್ಲಿ ಒಂದು ಪೊರೆ ಇದೆ. ಈರುಳ್ಳಿ ಪೊರೆಗಿಂತ ತೆಳು. ಮುಟ್ಟಬೇಡಿ. ನೀರು ಒಳಗೆ ಹೋಗಲ್ಲ, ಅಮೋನಿಯಾ ಗಾಳಿಯಾಗಿ ಹೋಗತ್ತೆ. ಆದ್ರೆ ನೀರಲ್ಲಿ ಕರಗಿರೋ ಅಮೋನಿಯಾ ತಾನಾಗೇ ಹೊರಗೆ ಬರಲ್ಲ. ಕ್ಷಾರ ಹಾಕಬೇಕು. ಕ್ಷಾರ ಬಿದ್ದ ತಕ್ಷಣ ಎದ್ದು ಬರತ್ತೆ. ತುದಿ ಕೆಳಗೆ ಗುಳ್ಳೆ ನಿಲ್ಲಬಾರದು, ಓರೆಯಾಗಿ ಇಳಿಸಿ. ಮೀಟರಲ್ಲಿ ಅಂಕಿ ನಿಂತಾಗ ಓದಿ. ಬಾಕಿ ಎಲ್ಲ ಪುಸ್ತಕದಲ್ಲಿದೆ." ಅವನು ಹೋದ. ಪುಸ್ತಕ ನಾಲ್ಕು ಹಾಳೆಯದು. ಮೇಜಿನ ಒಂದು ಕಾಲು ಗಿಡ್ಡವಾಗಿತ್ತು. ಪುಸ್ತಕ ಮಡಚಿ ಅದರಡಿ ಇಟ್ಟಾಗ ಮೇಜು ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ನೆಟ್ಟಗೆ ನಿಂತಿತು.

ಕ್ಷಾರ ಬೀಳುವವರೆಗೆ ಅಮೋನಿಯಾ ನೀರಿನಲ್ಲಿ ಕಚೇರಿ ನೌಕರನಂತೆ ಕರಗಿ ಕೂತಿರುತ್ತದೆ, ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ಅಂದಾಜಪ್ಪನಿಗೆ ತುಂಬಾ ಹಿಡಿಸಿತು. ಯಾಕೆ ಹಿಡಿಸಿತೆಂದು ಅವನು ಯೋಚಿಸಲಿಲ್ಲ. ಯೋಚಿಸುವುದು ಅವನ ಹುದ್ದೆಯಲ್ಲಿರಲಿಲ್ಲ.

ಯಂತ್ರದವನು ಮೂರು ಶೀಶೆಗಳನ್ನೂ ಬಿಟ್ಟು ಹೋಗಿದ್ದ. ಯಾವುದರಲ್ಲಿ ಎಷ್ಟು ಅಮೋನಿಯಾ ಇದೆಯೆಂದು ಚೀಟಿ ಅಂಟಿಸಿತ್ತು: ಲೀಟರಿಗೆ ಒಂದು, ಹತ್ತು, ನೂರು ಮಿಲಿಗ್ರಾಂ. ಗೊತ್ತಿದ್ದ ನೀರನ್ನು ಮೊದಲು ಅಳೆದು, ಆಮೇಲೆ ಗೊತ್ತಿಲ್ಲದ್ದನ್ನು ಅಳೆಯಬೇಕು. ಅಂದಾಜಪ್ಪ ಅಳೆದ. ಒಂದರ ಶೀಶೆಗೆ ಮೀಟರು ಎಪ್ಪತ್ತು ಮಿಲಿವೋಲ್ಟು ತೋರಿಸಿತು. ಹತ್ತರದಕ್ಕೆ ಹನ್ನೆರಡು. ನೂರರದಕ್ಕೆ ಸೊನ್ನೆಗಿಂತ ಕೆಳಗೆ ನಲವತ್ತಾರು.

ಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಪ್ರಯೋಗಾಲಯದ ಒಳಗೆ ಅವರು ಕಾಲಿಡುವವರಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಿನಿಂದಲೇ ವಿಜ್ಞಾನ ನಡೆಸುತ್ತಿದ್ದರು.

"ನೂರು ಇರೋದಕ್ಕೆ ಮೈನಸ್ಸು, ಒಂದು ಇರೋದಕ್ಕೆ ಎಪ್ಪತ್ತಾ? ಯಾವ ಊರಿನ ಲೆಕ್ಕ ಇದು?"

"ಅಂದಾಜು, ಕಡ್ಡಿ ಹಾಳಾಗಿರಬಹುದು ಸಾರ್."

"ಮೇಲಿನ ಕಚೇರಿ ಕಳಿಸಿದ ಕಡ್ಡಿ ಹಾಳಾಗತ್ತೇನಯ್ಯಾ? ಚೀಟಿ ಅದಲುಬದಲಾಗಿದೆ. ಕಂಪನೀಲಿ ಯಾರೋ ಬೇಜವಾಬ್ದಾರಿಯವನು ಅಂಟಿಸಿದಾನೆ. ಕಿತ್ತು ಸರಿಯಾಗಿ ಅಂಟಿಸು."

ಅಂದಾಜಪ್ಪ ಚೀಟಿ ಕಿತ್ತ. ಗೋಂದು ಹಚ್ಚಿದ. ನೂರನ್ನು ಒಂದು ಮಾಡಿದ, ಒಂದನ್ನು ನೂರು ಮಾಡಿದ. ನಡುವಿನ ಹತ್ತು ಹತ್ತಾಗಿಯೇ ಉಳಿಯಿತು. ನಡುವಿನವರಿಗೆ ಎಲ್ಲ ಬದಲಾವಣೆಯಲ್ಲೂ ಇದೇ ಗತಿ. ಈಗ ಎಲ್ಲವೂ ಸರಿಹೋಯಿತು: ಅಂಕಿ ಹೆಚ್ಚಿದ್ದರೆ ಅಮೋನಿಯಾ ಹೆಚ್ಚು, ಅಂಕಿ ಕಡಿಮೆ ಇದ್ದರೆ ಕಡಿಮೆ.

ಶೀಶೆಗಳ ವಾಸನೆಯಾದರೂ ಅವನಿಗೆ ನಿಜ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರಯೋಗಾಲಯದ ಪಕ್ಕದ್ದು ಕ್ಲೋರಿನ್ ಕೋಣೆ. ಹದಿಮೂರು ವರ್ಷ ಆ ಗಾಳಿ ಕುಡಿದು ಅವನ ಮೂಗು ಎಂದೋ ರಾಜೀನಾಮೆ ಕೊಟ್ಟಿತ್ತು. ಮುಖದ ಮೇಲೆ ಇದ್ದದ್ದು ಕನ್ನಡಕ ನಿಲ್ಲಿಸಲು.

ಆ ಸಂಜೆ ಅವನು ಓಣಿಗೆ ನಡೆದುಬಂದ ರೀತಿಯೇ ಬೇರೆ. ಜಗಲಿಯ ಮೇಲೆ ಕೂತು, ಕೇಳದವರಿಗೂ ಹೇಳಿದ. "ಇನ್ಮೇಲೆ ಅಂದಾಜಿಲ್ಲ. ಕಡ್ಡಿ ಬಂದಿದೆ. ಇಡೀ ಊರಲ್ಲಿ ಅದನ್ನ ಹಿಡಿಯೋಕೆ ಬರೋದು ನನಗೊಬ್ಬನಿಗೇ."

"ಒಂದು ಕಡ್ಡಿ ಕೊಟ್ಟಿದ್ದಕ್ಕೆ ಇಷ್ಟು ಜಂಬಾನಾ?" ಎಂದಳು ಹೆಂಡತಿ. "ಗುಡ್ಡ ಕೊಟ್ಟಿದ್ರೆ ಏನ್ ಮಾಡ್ತಿದ್ರೋ."

ಎದುರುಮನೆಯ ಟೈಲರ್ ಹೊಲಿಗೆ ನಿಲ್ಲಿಸಿದ. "ನಮ್ಮ ಓಣಿ ನೀರಿಗೆ ಎಷ್ಟು ಬಂತು ಅಂದಾಜಣ್ಣ?"

"ಹನ್ನೆರಡು ಮಿಲಿವೋಲ್ಟು."

"ವೋಲ್ಟಾ? ಹಾಗಾದ್ರೆ ನಲ್ಲಿಗೆ ಬಲ್ಬ್ ಹಾಕಿದ್ರೆ ಹತ್ತತ್ತೆ ಅನ್ನು."

"ತಮಾಷೆ ಬೇಡ. ಗುಡ್ಡದ ಮೇಲಿನ ಹೊಸ ಟ್ಯಾಂಕಿನ ನೀರು, ಸಾಹೇಬರು, ಪುರಸಭೆ ಅಧ್ಯಕ್ಷರು ಕುಡಿಯೋದು, ನೂರ ನಲವತ್ತು. ನಮ್ಮದು ಬರೀ ಹನ್ನೆರಡು. ಊರಲ್ಲೇ ಶುದ್ಧವಾದ ನೀರು ನಮ್ಮದು!"

ಟೈಲರ್ ಕೊರಳಿನ ಟೇಪನ್ನು ಎಳೆದು ಅವನ ಮುಂದೆ ಹಿಡಿದ. "ಇದಕ್ಕೂ ಎರಡು ತುದಿ ಇದೆ ಕಣಣ್ಣ. ಉಲ್ಟಾ ತುದಿಯಿಂದ ಹಿಡಿದ್ರೆ ಆನೆ ಸೊಂಟಾನೂ ಎಂಟೇ ಇಂಚು. ನೀನು ಯಾವ ತುದಿಯಿಂದ ಓದ್ತಿದೀಯ?"

"ಯಂತ್ರಕ್ಕೆ ತುದಿ ಇರಲ್ಲ. ಚರಂಡಿ ನೀರನ್ನೂ ಅಳೆದೆ. ಸೊನ್ನೆಗಿಂತ ಕೆಳಗೆ ಮೂವತ್ತು. ಸಾಹೇಬರೇ ಬೆರಗಾದ್ರು."

"ಅಯ್ಯೋ, ಹಾಗಾದ್ರೆ ಇನ್ಮೇಲೆ ಚರಂಡಿ ನೀರೇ ಕುಡಿಯೋಣ ಬಿಡು."

"ಕುಡೀತಾನೇ ಇದೀವಲ್ಲ," ಎಂದರು ಒಳಗಿಂದ ಅತ್ತೆ.

ಅಂದಾಜಪ್ಪನ ಅತ್ತೆ ಆ ಮನೆಯ ಮೂಗು. ನಾಲ್ಕು ಮನೆ ಆಚೆ ಹಾಲು ಒಡೆದರೆ ಇಲ್ಲಿ ಕೂತು ಹೇಳುತ್ತಿದ್ದರು. ಹನ್ನೊಂದು ಅರ್ಜಿಯಲ್ಲಿ ಒಂಬತ್ತು ಅವರು ಬರೆಸಿದ್ದೇ. ಅಳಿಯ ಉತ್ತರ ತಂದು ಓದಿದಾಗಲೆಲ್ಲ ಅವರು ಒಂದು ಲೋಟ ನೀರು ಅವನ ಮುಂದೆ ಇಟ್ಟು, "ತಗೊಳ್ಳಿ ಅಳಿಯಂದ್ರೇ, ಇಲ್ಲದ ಅಮೋನಿಯಾ ಕುಡೀರಿ" ಎನ್ನುತ್ತಿದ್ದರು. ಏಳು ತಿಂಗಳಲ್ಲಿ ಮೊಮ್ಮಗಳಿಗೆ ಮೂರು ಬಾರಿ ಹೊಟ್ಟೆ ಕೆಟ್ಟಿತ್ತು. ಓಣಿಯಲ್ಲಿ ಹೊಟ್ಟೆ ಕೆಡದ ಮಗುವೇ ಇರಲಿಲ್ಲ.

ಸಾಹೇಬರು ಆ ಅಂಕಿಗಳನ್ನು ಸುಮ್ಮನೆ ಬಿಡಲಿಲ್ಲ. ಏಳು ವಾರ ದಿನಾ ಸಹಿ ಹಾಕಿದರು. ಏಳು ವಾರವೂ ಹನ್ನೆರಡು. ದೂರು ಕೊಡುವ ಓಣಿಯೇ ಊರಿಗೆಲ್ಲ ಶುದ್ಧ ಎಂದಾದರೆ ದೂರುಗಳ ಬಾಯಿಗೇ ಬೀಗ ಬಿದ್ದಂತೆ. ಪುರಸಭೆಯ ಅಧ್ಯಕ್ಷರನ್ನು ಕರೆಸಿ, ಓಣಿಯ ಬಾಯಲ್ಲಿ ಒಂದು ಫಲಕ ನಿಲ್ಲಿಸಿದರು: 'ಊರಿನ ಅತ್ಯಂತ ಶುದ್ಧ ನೀರು ಇಲ್ಲಿ ಹರಿಯುತ್ತದೆ.'

ಅಧ್ಯಕ್ಷರು ಭಾಷಣ ಮಾಡಿದರು. "ಯಾರೋ ಕೆಲವರು ಕಡ್ಡಿ ಆಡಿಸ್ತಾ ಇದ್ದರು. ಇವತ್ತು ಕಡ್ಡಿಯೇ ಉತ್ತರ ಕೊಟ್ಟಿದೆ."

ಚಪ್ಪಾಳೆ ನಿಲ್ಲುವ ಮುಂಚೆ ಅತ್ತೆ ಒಂದು ಲೋಟ ನೀರು ತಂದು ಅವರ ಕೈಗಿಟ್ಟರು. "ಶುದ್ಧವಾದ್ದು ಸ್ವಾಮಿ. ಈಗ ತಾನೇ ಹಿಡಿದಿದ್ದು."

ಎಲ್ಲರೂ ನೋಡುತ್ತಿದ್ದರು. ಅಧ್ಯಕ್ಷರು ಲೋಟ ಮೂಗಿನ ಹತ್ತಿರ ತಂದರು. ಅವರ ಕಣ್ಣಲ್ಲಿ ನೀರಾಡಿತು. ಸಾಹೇಬರತ್ತ ನೋಡಿದರು. ಸಾಹೇಬರು ಆಕಾಶ ನೋಡಿದರು. ಅಧ್ಯಕ್ಷರು ಒಂದೇ ಗುಟುಕಿಗೆ ಕುಡಿದು, ಶಾಲಿನ ತುದಿಯಿಂದ ತುಟಿ ಒರೆಸಿಕೊಂಡು ಹೇಳಿದರು: "ಆಹಾ. ಖನಿಜ."

"ಇನ್ನೊಂದು ಲೋಟ ಖನಿಜ ತರಲಾ?" ಎಂದರು ಅತ್ತೆ.

ಕಾರು ಹತ್ತಿದ ಮೇಲೆ ಅಧ್ಯಕ್ಷರಿಗೆ ಬೇರೆಯೇ ಯೋಚನೆ ಹತ್ತಿತು. "ಏನ್ರೀ ಎಂಜಿನಿಯರೇ, ನಾನು ಈ ಊರಿನ ಅಧ್ಯಕ್ಷ. ನನ್ನ ಮನೆ ನೀರಿಗೆ ನೂರ ನಲವತ್ತು. ಈ ಓಣಿಯವರಿಗೆ ಹನ್ನೆರಡಾ? ಇಷ್ಟು ವರ್ಷ ನಾನು ಕುಡಿದಿದ್ದು ವಿಷಾನಾ?"

ಮರುದಿನವೇ ನಿರ್ಣಯವಾಯಿತು. ಓಣಿಯ ಹಳೆಯ ಕೊಳವೆಯ ನೀರು ಗುಡ್ಡದ ಮೇಲಿನ ಬಂಗಲೆಗಳಿಗೆ. ಗುಡ್ಡದ ಹೊಸ ಟ್ಯಾಂಕಿನ 'ಕೆಟ್ಟ' ನೀರು ಓಣಿಗೆ. ಹೊಸ ಟ್ಯಾಂಕಿನ ನೀರು ಕೊಡಿ ಎಂದು ಓಣಿಯವರು ಬೇಡಿದಾಗ, ಅದಕ್ಕೆ ನಕ್ಷೆ ಬೇಕು, ಒಪ್ಪಿಗೆ ಬೇಕು, ರಸ್ತೆ ಅಗೆಯಬೇಕು, ಮೂರು ವರ್ಷ ಬೇಕು ಎಂದಿದ್ದರು. ಈಗ ಒಬ್ಬ ಮನುಷ್ಯ ಒಂದು ಸ್ಪ್ಯಾನರ್ ಹಿಡಿದು ಬಂದ. ಎರಡು ವಾಲ್ವು ತಿರುಗಿಸಿದ. ಬೀಡಿ ಹಚ್ಚಿದ. ಹೋದ. ಹನ್ನೊಂದು ಅರ್ಜಿಗೆ ಮಿಸುಕದ ವಾಲ್ವು ಒಂದು ಮಧ್ಯಾಹ್ನ ಬೀಡಿ ಆರುವ ಮುಂಚೆ ತಿರುಗಿತ್ತು.

ಸಂಜೆ ಓಣಿಯ ನಲ್ಲಿಗಳಲ್ಲಿ ನೀರು ಬಂತು. ಅತ್ತೆ ಲೋಟ ಎತ್ತಿ ಮೂಸಿದರು. ಇನ್ನೊಮ್ಮೆ ಮೂಸಿದರು. ಮುಖ ಗಂಭೀರವಾಯಿತು.

"ವಾಸನೇನೇ ಇಲ್ಲ. ಏನೋ ಬೆರೆಸಿದಾರೆ."

ಇಡೀ ಓಣಿ ಆ ನೀರನ್ನು ಒಂದು ದಿನ ಮುಟ್ಟಲಿಲ್ಲ. ಎರಡನೆಯ ದಿನ ಟೈಲರ್ ಧೈರ್ಯ ಮಾಡಿ ಕುಡಿದ. ಮೂರನೆಯ ದಿನ ಎಲ್ಲರೂ ಕುಡಿದರು. ಸಾಬೂನಿಗೆ ನೊರೆ ಬಂತು. ಅನ್ನ ಬೆಳ್ಳಗಾಯಿತು. ಅಂದಾಜಪ್ಪ ಮಾತ್ರ ತಲೆ ಮೇಲೆ ಕೈಹೊತ್ತು ಕೂತಿದ್ದ. "ನಮ್ಮ ಹನ್ನೆರಡನ್ನ ಕಿತ್ಕೊಂಡು ನೂರ ನಲವತ್ತು ಕೊಟ್ರಲ್ಲ! ಅನ್ಯಾಯ!"

ಮರುದಿನ ಅವನು ಊಟದ ಡಬ್ಬಿ ಮರೆತುಹೋದ. ಅತ್ತೆಯೇ ಅದನ್ನು ಹಿಡಿದು ಪ್ರಯೋಗಾಲಯಕ್ಕೆ ಬಂದರು. ಅವನು ಅದೇ ತಾನೇ ಮೂರು ಶೀಶೆಗಳ ನೀರನ್ನು ಮೂರು ಲೋಟಕ್ಕೆ ಸುರಿದು ಕ್ಷಾರ ಹಾಕಿದ್ದ. ಅತ್ತೆ ಬಾಗಿಲಲ್ಲೇ ನಿಂತರು.

"ಅಳಿಯಂದ್ರೇ, ಈ ಎಡಗಡೆ ಲೋಟದಲ್ಲಿ ಏನಿದೆ? ಕಣ್ಣು ಉರೀತಿದೆ ನನಗೆ!"

"ಅದಾ? ಅದರಲ್ಲಿ ಏನೂ ಇಲ್ಲ ಅತ್ತೆ. ಒಂದೇ ಒಂದು. ನೂರು ಇರೋದು ಬಲಗಡೆದು."

ಅತ್ತೆ ಬಲಗಡೆಯದನ್ನು ಮೂಸಿದರು. "ಇದರಲ್ಲಿ ಏನೂ ಇಲ್ಲ." ಎಡಗಡೆಯದನ್ನು ದೂರದಿಂದ ಮೂಸಿದರು. "ನಮ್ಮ ಹಳೇ ನಲ್ಲಿ ನೀರಿನ ದೊಡ್ಡಪ್ಪ ಇದು. ಚೀಟಿ ಅಂಟಿಸಿದವನು ಯಾವ ಕತ್ತೆ?"

ಆ ಕತ್ತೆ ಗೋಂದಿನ ಡಬ್ಬಿಯತ್ತ ನೋಡಿತು. ಆಮೇಲೆ ಬಗ್ಗಿ ಮೇಜಿನ ಕಾಲಿನಡಿಯ ಪುಸ್ತಕ ಎಳೆಯಿತು. ಮೇಜು ವಾಲಿತು, ಮೂರು ಲೋಟಗಳನ್ನೂ ಅತ್ತೆ ಹಿಡಿದುಕೊಂಡರು. ಮೂರನೆಯ ಹಾಳೆಯಲ್ಲಿ, ಮೇಜಿನ ಕಾಲಿನ ಗುರುತಿನ ಸರಿಯಾಗಿ ಕೆಳಗೆ, ಬರೆದಿತ್ತು: ಅಮೋನಿಯಾ ಹತ್ತು ಪಟ್ಟು ಏರಿದಾಗಲೆಲ್ಲ ಮೀಟರಿನ ಅಂಕಿ ಸುಮಾರು ಐವತ್ತೆಂಟು ಇಳಿಯುತ್ತದೆ.

"ಇಳಿಯತ್ತಾ?" ಎಂದರು ಅತ್ತೆ.

"ಅಂದಾಜು... ಇಳಿಯತ್ತೆ."

ಅಂದರೆ ಹನ್ನೆರಡು ತೋರಿಸಿದ ಓಣಿಯ ನೀರಿನಲ್ಲಿ ಅಮೋನಿಯಾ ಹತ್ತು. ಕುಡಿಯುವ ನೀರಿನಲ್ಲಿ ಹೆಚ್ಚೆಂದರೆ ಇರಬಹುದಾದದ್ದು ಅರ್ಧ. ಇಪ್ಪತ್ತು ಪಟ್ಟು. ಏಳು ವಾರ ದಿನಾ ಅಳೆದು, ದಿನಾ ಬರೆದು, ದಿನಾ ಸಾಹೇಬರ ಸಹಿ ಹಾಕಿಸಿದ ರಿಜಿಸ್ಟರು ಅದು. ಹನ್ನೊಂದು ಅರ್ಜಿಯಲ್ಲಿ ಓಣಿಯವರು ಹೇಳಿದ್ದನ್ನೆಲ್ಲ ಸಾಹೇಬರು ತಮ್ಮ ಕೈಯಾರೆ ನಲವತ್ತೊಂಬತ್ತು ಸಲ ಒಪ್ಪಿಕೊಂಡಿದ್ದರು.

ಅಂದಾಜಪ್ಪ ಚೀಟಿಗಳನ್ನು ಕಿತ್ತು ಮತ್ತೆ ಸರಿಯಾಗಿ ಅಂಟಿಸಿದ. ಮನೆಯಲ್ಲಿ ವಿಷಯ ತಿಳಿದ ಹೆಂಡತಿ, "ಬಾಯಿ ಮುಚ್ಕೊಂಡಿರಿ. ನಿಜ ಹೇಳಿದ್ರೆ ಒಳ್ಳೇ ನೀರು ವಾಪಸ್ಸು ಗುಡ್ಡ ಹತ್ತತ್ತೆ" ಎಂದಳು. ಬಾಯಿ ಮುಚ್ಚಿಕೊಂಡಿರುವುದರಲ್ಲಿ ಅವನಿಗೆ ಹದಿಮೂರು ವರ್ಷದ ಅನುಭವವಿತ್ತು. ಎರಡು ದಿನ ಸುಲಭವಾಗಿ ಕಳೆಯಿತು.

ಆದರೆ ಅಧ್ಯಕ್ಷರ ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಹದಿನಾರು ಮೀನುಗಳಿದ್ದವು. ಅವಕ್ಕೆ ಭಾಷಣ ಮಾಡಲು ಬರುತ್ತಿರಲಿಲ್ಲ, ಖನಿಜ ಎನ್ನಲೂ ಬರುತ್ತಿರಲಿಲ್ಲ. ತೊಟ್ಟಿಯ ನೀರು ಬದಲಿಸಿದ ಮೇಲೆ ಎರಡು ದಿನ ಬಾಯಿ ತೆಗೆದು ತೇಲಿದವು. ಮೂರನೆಯ ದಿನ ಹದಿನಾರೂ ಹೊಟ್ಟೆ ಮೇಲೆ ಮಾಡಿದವು.

ಓಣಿಯ ಮಕ್ಕಳ ಹೊಟ್ಟೆಗೆ ಏಳು ತಿಂಗಳು ಬಾರದ ಕಚೇರಿ ಮೀನಿನ ಹೊಟ್ಟೆಗೆ ಇಪ್ಪತ್ತು ನಿಮಿಷದಲ್ಲಿ ಬಂತು. ಎಂಜಿನಿಯರ್, ಮೇಸ್ತ್ರಿ, ಸ್ಪ್ಯಾನರಿನವನು, ಎಲ್ಲರೂ ತೊಟ್ಟಿಯ ಸುತ್ತ ಟೋಪಿ ತೆಗೆದು ನಿಂತರು.

"ಸಾಯೋ ತನಕ ಒಂದು ದಿನ ಕಾಯಿಲೆ ಅನ್ನಲಿಲ್ಲ ರೀ," ಎಂದು ಅಧ್ಯಕ್ಷರ ಹೆಂಡತಿ ಅತ್ತರು.

"ಮೇಲಿನ ಕಚೇರಿಗೆ ಫೋನ್ ಮಾಡಿದೀನಿ," ಎಂದರು ಅಧ್ಯಕ್ಷರು. "ನಾಳೆ ತಪಾಸಣೆಯವರು ಬರ್ತಾರೆ. ಕಡ್ಡಿ, ರಿಜಿಸ್ಟರು ಎಲ್ಲ ನೋಡ್ತಾರೆ."

ಸಾಹೇಬರು ಕಚೇರಿಗೆ ಓಡಿಬಂದರು. ಮೊದಲ ಬಾರಿಗೆ ಪ್ರಯೋಗಾಲಯದ ಹೊಸ್ತಿಲು ದಾಟಿದರು. "ಏನಯ್ಯಾ ನಿನ್ನ ಕಡ್ಡಿ? ಹನ್ನೆರಡು ಅಂತ ಸುಳ್ಳು ಹೇಳಿತಲ್ಲ!"

"ಕಡ್ಡಿ ನಿಜಾನೇ ಹೇಳಿತು ಸಾರ್. ನಾವು ಉಲ್ಟಾ ಓದಿದ್ವಿ." ಅವನು ಮೂರನೆಯ ಹಾಳೆ ತೋರಿಸಿದ. ಆಮೇಲೆ ರಿಜಿಸ್ಟರು ತೋರಿಸಿದ. ಸಾಹೇಬರು ತಮ್ಮ ಸಹಿಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಅಷ್ಟು ಚೆಂದದ ಸಹಿ ಹಾಕಿದ್ದಕ್ಕೆ ಅವರಿಗೆ ಆ ದಿನ ಪಶ್ಚಾತ್ತಾಪವಾದಂತೆ ಕಂಡಿತು.

ಬಾಗಿಲು ಹಾಕಿಸಿದರು. ದನಿ ತಗ್ಗಿಸಿದರು.

"ನೋಡಪ್ಪಾ. ಕಡ್ಡೀನ ಗುಡ್ಡ ಮಾಡೋದು ಬೇಡ. ಕಡ್ಡಿ ಇದ್ರೆ ತಾನೇ ನಾಳೆ ಅವರು ಅಳೆದು ನೋಡೋದು? ಇದು ಮೊದಲಿಂದ್ಲೇ ಹಾಳಾಗಿತ್ತು ಅಂತಾದ್ರೆ ರಿಜಿಸ್ಟರಿನ ಅಂಕಿಗಳೆಲ್ಲ ಕಸ. ನಾನು ಸಹಿ ಹಾಕಿದ್ದು ಕಸಕ್ಕೆ. ವಾಲ್ವು ಮೊದಲಿದ್ದ ಹಾಗೆ ತಿರುಗಿಸೋಣ. ಬಣ್ಣದ ಪರೀಕ್ಷೆ ಮತ್ತೆ ಶುರು ಮಾಡೋಣ."

"ಪರದೆ ಸಾರ್?"

"ಪರದೆ ಇದ್ದೇ ಇದೆ." ಅವರು ಒಂದು ನಮೂನೆ ಮೇಜಿನ ಮೇಲಿಟ್ಟರು. ಮೇಜು ವಾಲಿ ನಮೂನೆ ಜಾರಿತು, ಮತ್ತೆ ಇಟ್ಟರು. "ತುಂಬಿಸಿದೀನಿ, ತಾರೀಕು ಯಂತ್ರ ಬಂದ ದಿನದ್ದೇ. 'ಕೈಜಾರಿ ಬಿದ್ದು ಮುರಿಯಿತು.' ಅದು ನಿನ್ನ ವಶದಲ್ಲಿರೋ ವಸ್ತು. ನೀನೇ ಮುರೀಬೇಕು, ನೀನೇ ಸಹಿ ಹಾಕ್ಬೇಕು. ಮುರಿದ್ರೆ ನಿನ್ನ ಕೆಲಸ ಉಳಿಸೋ ಜವಾಬ್ದಾರಿ ನಂದು. ಇಲ್ಲಾಂದ್ರೆ ಅದು ನನ್ನ ಜವಾಬ್ದಾರಿ ಅಲ್ಲ. ಅರ್ಥ ಆಯ್ತಾ?"

ಹೊರಗೆ ಬೆಂಚಿನ ಮೇಲೆ ಅತ್ತೆ ಡಬ್ಬಿ ಹಿಡಿದು ಕೂತಿದ್ದರು. ಅವನು ಆ ದಿನವೂ ಡಬ್ಬಿ ಮರೆತಿದ್ದ. ಬಾಗಿಲಾಚೆಯಿಂದ ಅವರ ದನಿ ಬಂತು:

"ಅಳಿಯಂದ್ರೇ, ಒಳಗೆ ಏನೋ ಕೊಳೆತ ವಾಸನೆ. ಶೀಶೆದಲ್ಲ."

ಅಂದಾಜಪ್ಪ ಕಡ್ಡಿಯನ್ನು ಕೈಗೆತ್ತಿಕೊಂಡ. ಸಾಹೇಬರು ನೆಮ್ಮದಿಯ ಉಸಿರು ಬಿಟ್ಟರು. ಅವನು ಅದರ ತುದಿಯನ್ನು ಶುದ್ಧ ನೀರಿನಲ್ಲಿ ತೊಳೆದ. ಪೊರೆಗೆ ತಾಗದ ಹಾಗೆ ಹನಿ ಕೊಡವಿದ. ಮುಚ್ಚಳ ಹಾಕಿದ. ರಿಜಿಸ್ಟರಿನ ಜೊತೆಗೆ ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಬಿಟ್ಟುಕೊಂಡ.

"ಏನಯ್ಯಾ ಇದು? ನಾಳೆ ಅವರಿಗೆ ಅಂದಾಜು ಏನು ಹೇಳ್ತೀಯ ನೀನು?"

"ಅಂದಾಜಲ್ಲ ಸಾರ್. ಕಡ್ಡಿ ಮುರಿದ ಹಾಗೆ ಹೇಳ್ತೀನಿ," ಎಂದ ಅಂದಾಜಪ್ಪ. "ಕಡ್ಡಿ ಮುರಿಯಲ್ಲ."